ದಂಡಿನ ಮಾತಿನ ತಲೆಮಾರುಗಳು: ಧಾರವಾಡ ಸೀಮೆಯ ಸೈನಿಕ ಪದಗಳ ಚರಿತ್ರೆ

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಮೇಲಿರುವ ಊರು. ಇಲ್ಲಿಯ ಸಂತನನ್ನು ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾ ಬಾಗಸವಾರನೆಂದೂ ಕರೆಯುತ್ತಾರೆ. ಜಾತ್ರೆಗೆ ಎರಡೂ ಸಮುದಾಯದವರು ಬರುತ್ತಾರೆ, ಹಳ್ಳದಲ್ಲಿ ಮೀಯುತ್ತಾರೆ, ಒಂದೇ ಗದ್ದುಗೆಗೆ ನಮಿಸುತ್ತಾರೆ. ಸಂತನ ಎರಡನೆಯ ಹೆಸರಿನಲ್ಲಿ ಅಡಗಿರುವ 'ಸವಾರ' ಎಂಬ ಪದ ಭಾಷಾಚರಿತ್ರೆಯ ವಿದ್ಯಾರ್ಥಿಯ ಗಮನಕ್ಕೆ ಅರ್ಹವಾದುದು. 'ಬಾಗ್' ಎಂದರೆ ಹುಲಿ. ಬಾಗಸವಾರ ಹುಲಿಯ ಮೇಲೆ ಏರಿ ಬಂದವನು. ಪಾರ್ಸಿ ಮೂಲದ 'ಸವಾರ' ಆದಿಲಶಾಹಿ, ಮೊಗಲ, ಮರಾಠರ ಸೈನ್ಯಗಳಲ್ಲಿ ಕುದುರೆಯಾಳಿಗೆ ಸಲ್ಲುತ್ತಿದ್ದ ಹೆಸರು. ಬ್ರಿಟಿಷರ ಭಾರತೀಯ ಅಶ್ವದಳದಲ್ಲಿ ಅದು ತೀರ ಕೆಳಗಿನ ಸೈನಿಕನ ದರ್ಜೆಯಾಯಿತು. ಇಂದಿನ ಕನ್ನಡ ಪತ್ರಿಕೆಗಳಲ್ಲಿ ಅದೇ ಪದ ಅಪಘಾತದ ಸುದ್ದಿಯಲ್ಲಿ ಬೈಕ್ ಸವಾರನಾಗಿ ಕಾಣಿಸಿಕೊಳ್ಳುತ್ತದೆ. ಗದ್ದುಗೆಯ ಮುಂದೆ ಪವಿತ್ರವಾಗಿ ಉಳಿದ ಪದ ರಸ್ತೆಯಲ್ಲಿ ತೀರ ಸಾಮಾನ್ಯವಾಗಿದೆ; ಇವೆರಡರ ನಡುವಿನ ಸೈನಿಕ ಅರ್ಥ ಮಾತ್ರ ಜನರ ನೆನಪಿನಿಂದ ಜಾರಿದೆ.

ಸೈನಿಕರ ಆಡುಮಾತು ಬರಹಕ್ಕೆ ಸಿಗುವುದು ಅಪರೂಪ. ಅದು ಪಾಳೆಯದಲ್ಲಿ ಹುಟ್ಟಿ, ಬಳಸಿದವರೊಂದಿಗೆ ಅಲ್ಲಿಯೇ ಮುಗಿಯುವ ಭಾಷೆ. ಆದರೆ ಸೈನಿಕ ಊರಿಗೆ ಮರಳಿದಾಗ ಒಂದಷ್ಟು ಪದಗಳು ಅವನ ಜೊತೆಗೆ ಬರುತ್ತವೆ. ಒಂದು ತಲೆಮಾರಿನಲ್ಲಿ ದಂಡಿನವರ ಒಳಮಾತಾಗಿದ್ದುದು ಮುಂದಿನ ತಲೆಮಾರಿನಲ್ಲಿ ಊರ ಹುದ್ದೆಯ ಹೆಸರಾಗುತ್ತದೆ. ಅದರ ಮುಂದಿನವರಿಗೆ ಅದು ಮನೆತನದ ಅಡ್ಡಹೆಸರು. ಚಾಲುಕ್ಯರು, ವಿಜಯನಗರ, ವಿಜಾಪುರದ ಆದಿಲಶಾಹಿ, ಸವಣೂರಿನ ನವಾಬರು, ಹೈದರ್-ಟಿಪ್ಪು, ಪೇಶ್ವೆಗಳು, ಕಂಪನಿ ಸರಕಾರ ಹೀಗೆ ಒಬ್ಬರ ಬೆನ್ನಿಗೆ ಒಬ್ಬರು ಆಳಿದ ಧಾರವಾಡ ಸೀಮೆಯಲ್ಲಿ ಈ ಪದಗಳ ಪದರಗಳು ಎರೆಮಣ್ಣಿನ ಪದರಗಳಂತೆ ಒಂದರ ಮೇಲೊಂದು ಕೂತಿವೆ.

ಎಲ್ಲಕ್ಕೂ ಕೆಳಗಿನದು ಶಾಸನಗಳ ಪದರ. ಬೆಳ್ವೊಲ ಮುನ್ನೂರರ ಅಣ್ಣಿಗೇರಿ ಆದಿಕವಿ ಪಂಪನ ತಾಯಿಯ ಕಡೆಯ ಊರು. ಅವನ ತಮ್ಮ ಜಿನವಲ್ಲಭನು ಕುರಿಕ್ಯಾಲದಲ್ಲಿ ಬರೆಯಿಸಿದ ಶಾಸನದಿಂದ ಈ ಸಂಗತಿ ತಿಳಿದುಬರುತ್ತದೆ. ಪಂಪನೇ ಕವಿಯೂ ಹೌದು, ಕಲಿಯೂ ಹೌದು. ಅವನ ಕಾಲದ ಕನ್ನಡದಲ್ಲಿ ಯುದ್ಧದ ಮಾತಿಗೆ ಕೊರತೆಯಿರಲಿಲ್ಲ. ವೀರಗಲ್ಲುಗಳಲ್ಲಿ ಬರುವ ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಮುಂತಾದವು ಕಾಳಗಕ್ಕೆ ಕಾರಣವೇನೆಂಬುದನ್ನು ಒಂದೇ ಪದದಲ್ಲಿ ಹೇಳಿಬಿಡುತ್ತವೆ. ದನ ಹಿಡಿದವರ ಬೆನ್ನಟ್ಟಿ ಹೋದದ್ದು, ಊರು ಹಾಳಾಗುವಾಗ ತಡೆದು ನಿಂತದ್ದು, ಹೆಣ್ಣಿನ ಮೊರೆ ಕೇಳಿ ಓಡಿದ್ದು ಇವು ಮೂರು ಬೇರೆ ಬೇರೆ ಬಗೆಯ ಸಾವುಗಳಾಗಿದ್ದವು. ಆದ್ದರಿಂದಲೇ ಬೇರೆ ಬೇರೆ ಹೆಸರುಗಳು ಬೇಕಾದವು.

ಈ ಪದರದ ಅತ್ಯಂತ ಅರ್ಥವತ್ತಾದ ಪದ 'ಜೋಳವಾಳಿ'. ಒಡೆಯನ ಜೋಳ ಉಂಡ ಆಳು ಆ ಋಣಕ್ಕಾಗಿ ಯುದ್ಧದಲ್ಲಿ ಪ್ರಾಣ ಕೊಡುವುದು ಜೋಳವಾಳಿ. ಒಡೆಯನೊಡನೆ ಸಾಯುವೆನೆಂದು ಮೊದಲೇ ಪ್ರತಿಜ್ಞೆ ಮಾಡಿ ಹಾಗೆಯೇ ನಡೆದುಕೊಳ್ಳುವುದು ವೇಳೆವಾಳಿ. ಲೆಂಕ, ಗರುಡ ಎಂಬವು ಇಂಥ ಆಳುಗಳಿಗೆ ಸಲ್ಲುತ್ತಿದ್ದ ಹೆಸರುಗಳು. ಎಂ. ಚಿದಾನಂದಮೂರ್ತಿಯವರು 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಈ ಪದಗಳ ಹಿಂದಿನ ಸಮಾಜವನ್ನು ವಿವರವಾಗಿ ಬಿಡಿಸಿ ತೋರಿಸಿದ್ದಾರೆ. ಇಲ್ಲಿ ಗಮನಿಸಬೇಕಾದದ್ದು ಋಣದ ವಸ್ತು. ನಂತರದ ಶತಮಾನಗಳಲ್ಲಿ ಹಿಂದುಸ್ತಾನಿ ಮಾತಾಡುವ ಸೈನ್ಯಗಳೊಂದಿಗೆ 'ನಮಕ್ ಹಲಾಲ್', 'ನಮಕ್ ಹರಾಮ್' ಎಂಬ ಮಾತುಗಳು ಬಂದವು. ಋಣ ಜೋಳದಿಂದ ಉಪ್ಪಿಗೆ ಸರಿಯಿತು. ಕನ್ನಡದಲ್ಲಿ ಈಗ ಉಳಿದಿರುವುದೂ ಉಪ್ಪಿನ ಋಣವೇ. ಜೋಳ ಬೆಳೆಯುವ, ರೊಟ್ಟಿಯನ್ನೇ ಊಟವೆಂದು ಕರೆಯುವ ನೆಲದಲ್ಲಿಯೇ ಜೋಳದ ಋಣ ಮರೆತುಹೋಗಿ ಉಪ್ಪಿನದು ಉಳಿದುಕೊಂಡದ್ದು, ಸೈನ್ಯದ ಭಾಷೆ ನೆಲದ ಭಾಷೆಯನ್ನು ಎಷ್ಟು ಆಳದಲ್ಲಿ ಬದಲಿಸಬಲ್ಲದೆಂಬುದಕ್ಕೆ ಸಾಕ್ಷಿ.

ಹಳೆಯ ದಂಡನಾಯಕ ಜನರ ಬಾಯಲ್ಲಿ ದಣ್ಣಾಯಕನಾದ. 'ದಂಡು' ಮಾತ್ರ ರೂಪ ಬದಲಿಸದೆ ಉಳಿಯಿತು. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳು ಸಂಗೊಳ್ಳಿ ರಾಯಣ್ಣನನ್ನೂ ಹಲಗಲಿಯ ಬೇಡರನ್ನೂ ಕುರಿತವು. ಇಂಥ ಲಾವಣಿಗಳ ಲೋಕದಲ್ಲಿ ಕಂಪನಿಯ ಸೈನ್ಯವೂ ದಂಡೇ, ಬಂಡೆದ್ದವರದೂ ದಂಡೇ. 1809ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಂಟೋನ್ಮೆಂಟನ್ನು ಜನ 'ದಂಡು' ಎಂದೇ ಕರೆದರು. ಬೆಳಗಾವಿಯಲ್ಲಿ ಅಂಥದೇ ಪ್ರದೇಶಕ್ಕೆ 'ಕ್ಯಾಂಪ್' ಎಂಬ ಹೆಸರು ನಿಂತಿತು. ದಕ್ಷಿಣದವರು ಹಳೆಯ ಪದವನ್ನು ಹೊಸ ವಸ್ತುವಿಗೆ ಹೊಂದಿಸಿಕೊಂಡರೆ ಉತ್ತರದವರು ವಸ್ತುವಿನೊಡನೆ ಪದವನ್ನೂ ತೆಗೆದುಕೊಂಡರೆನ್ನಬೇಕು. ಈಗ ದಂಡು ಎಂದರೆ ಪತ್ರಿಕೆಗಳಲ್ಲಿ ಜನಜಂಗುಳಿ: ಜಾತ್ರೆಗೆ ಹರಿದುಬರುವ ಭಕ್ತರ ದಂಡು, ಬೆಳೆಗೆ ಬೀಳುವ ಮಿಡತೆಯ ದಂಡು. ಕೋಟೆಯ ಮೇಲೆ ನುಗ್ಗುವುದಕ್ಕಿದ್ದ 'ಲಗ್ಗೆ'ಯೂ ಇದೇ ದಾರಿ ಹಿಡಿದು, ಮಾರುಕಟ್ಟೆಗೆ ಹೊಸ ಸರಕು ಲಗ್ಗೆ ಇಡುವ ಮಟ್ಟಕ್ಕೆ ಬಂದಿದೆ.

ಎರಡನೆಯ ಪದರ ಪಾರ್ಸಿ-ಮರಾಠಿಯದು. ಹುದ್ದೆಗಳ ಹೆಸರು ಇಲ್ಲಿ ಹೇರಳ. ಅವುಗಳ ಚರಿತ್ರೆಯಲ್ಲಿ ಒಂದು ಏಕಮುಖ ಚಲನೆ ಎದ್ದು ಕಾಣುತ್ತದೆ. ಅದು ಇಳಿತದ ಚಲನೆ. ವಿಜಯನಗರದ ಕಾಲದಲ್ಲಿ 'ನಾಯಕ' ಎಂದರೆ ಸೀಮೆಯನ್ನು ಆಳಿ, ಅರಸನಿಗೆ ಕಾಲಾಳು ಕುದುರೆಗಳನ್ನು ಒದಗಿಸುವ ಪ್ರಭು. ಕಂಪನಿಯ ಸೈನ್ಯದಲ್ಲಿ ಅದೇ ನಾಯಕ್ ಕಾರ್ಪೊರಲನಿಗೆ ಸಮನಾದ, ಕೆಲವೇ ಆಳುಗಳ ಮೇಲಿನ ದರ್ಜೆ. ಅದಕ್ಕೂ ಕೆಳಗೆ ಲ್ಯಾನ್ಸ್ ನಾಯಕ್. ಶಿವಾಜಿಯ ಆಡಳಿತದಲ್ಲಿ ಕೋಟೆಯ ಬೀಗದ ಕೈ ಹಿಡಿದಿರುತ್ತಿದ್ದ ಹವಾಲ್ದಾರ ಮುಂದೆ ಸಾರ್ಜೆಂಟನಿಗೆ ಸಮನಾದ. ಊರವರ ಬಾಯಲ್ಲಿ ಪೊಲೀಸ್ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಆದ. ಸುಬೆಯನ್ನೇ ಆಳುತ್ತಿದ್ದ ಸುಬೇದಾರ ಯಾವ ಎಳೆಯ ಆಂಗ್ಲ ಅಧಿಕಾರಿಗಾದರೂ ಸಲಾಮು ಹೊಡೆಯಬೇಕಾದ ದರ್ಜೆಗೆ ಇಳಿದ. ಮೊಗಲರ ಫೌಜದಾರ ಒಂದು ಪ್ರಾಂತದ ಸೈನ್ಯಾಧಿಕಾರಿ. ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಫೌಜದಾರನೆಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ಹೊಸ ಒಡೆಯರು ಹಳೆಯ ಬಿರುದುಗಳನ್ನು ರದ್ದು ಮಾಡಲಿಲ್ಲ, ಕೆಳಗಿನವರಿಗೆ ಹಂಚಿದರು. ಬಿರುದು ಉಳಿದು ಅಧಿಕಾರ ಹೋದದ್ದು ಆಳಿಸಿಕೊಂಡವರಿಗೆ ಅಷ್ಟು ಬೇಗ ತಿಳಿಯಲಿಲ್ಲವೆಂದು ತೋರುತ್ತದೆ.

ಅಡ್ಡಹೆಸರುಗಳಲ್ಲಿ ಈ ಪದರ ಇಂದಿಗೂ ಜೀವಂತವಾಗಿದೆ. ಹವಾಲ್ದಾರ, ಜಮಾದಾರ, ಕಿಲ್ಲೇದಾರ, ದಳವಾಯಿ, ಗೋಲಂದಾಜ, ಬಾರಗೀರ, ಶಿಲೇದಾರ, ದಂಡಿನ ಮೊದಲಾದ ಮನೆತನಗಳು ಉತ್ತರ ಕರ್ನಾಟಕದ ಊರೂರುಗಳಲ್ಲಿವೆ. ಇವುಗಳಲ್ಲಿ ಹಲವು ಹಿಂದೂ ಮುಸಲ್ಮಾನ ಎರಡೂ ಮನೆಗಳಲ್ಲಿ ಕಾಣುತ್ತವೆ. ಗೋಲಂದಾಜನೆಂದರೆ ತೋಪು ಹಾರಿಸುವವನು. ಬಾರಗೀರ-ಶಿಲೇದಾರರ ಭೇದ ಇನ್ನೂ ಸ್ವಾರಸ್ಯಕರ. ಮರಾಠರ ಕುದುರೆಪಡೆಯಲ್ಲಿ ಸರಕಾರದ ಕುದುರೆ ಏರಿ ಯುದ್ಧಕ್ಕೆ ಹೋಗುವವನು ಬಾರಗೀರ. ಸ್ವಂತ ಕುದುರೆ, ಸ್ವಂತ ಆಯುಧ ತರುವವನು ಶಿಲೇದಾರ. ಒಂದೇ ಓಣಿಯಲ್ಲಿ ಬಾಳುವ ಎರಡು ಮನೆತನಗಳ ಹೆಸರಿನಲ್ಲಿ, ಕುದುರೆ ಯಾರದು ಎಂಬ ಹಳೆಯ ಲೆಕ್ಕವೊಂದು ಇಂದಿಗೂ ಬರೆದಿಟ್ಟಂತಿದೆ. ಹಳೆಯ ಮೈಸೂರಿನ ದಾರಿ ಬೇರೆಯಾಗಿತ್ತು. ಅಲ್ಲಿ ಅರೆಸೈನಿಕ ಕಾಲಾಳುಗಳ ಇಲಾಖೆಗೆ 'ಕಂದಾಚಾರ'ವೆಂಬ ಹೆಸರಿದ್ದಿತು. ಇಂದಿನ ಓದುಗನಿಗೆ ಆ ಪದದಿಂದ ಮೂಢ ಆಚರಣೆಯೇ ಮೊದಲು ಹೊಳೆಯುತ್ತದೆ.

1817ರ ಕೊನೆಯಲ್ಲಿ ಪೇಶ್ವೆಯೊಡನೆ ಯುದ್ಧ ಆರಂಭವಾದಾಗ ಥಾಮಸ್ ಮುನ್ರೋ ಧಾರವಾಡದಲ್ಲಿದ್ದ. ಅವನ ಕೈಯಲ್ಲಿ ಶಿಸ್ತಿನ ಸೈನ್ಯ ಬಹಳ ಕಡಿಮೆ. ಅವನು ತನ್ನ ಕಡೆಯ ಅಮಲದಾರರನ್ನು ನೇಮಿಸಿ, ಸ್ಥಳೀಯ ಕಾಲಾಳುಗಳನ್ನು ಕೂಡಿಸಿ ಸೀಮೆಯನ್ನು ವಶಪಡಿಸಿಕೊಳ್ಳಲು ಕಳುಹಿಸಿದ. ನವಲಗುಂದಕ್ಕೆ ಹೋದ ರಾಮರಾವ್ ಎಂಬ ಅಮಲದಾರ ಗೋಖಲೆ ಮನೆತನದ ಕುದುರೆಪಡೆಯನ್ನು ಎದುರಿಸಬೇಕಾಯಿತು. ಆ ಕಾಲಾಳುಗಳನ್ನು ಆಂಗ್ಲ ದಾಖಲೆಗಳು 'ಪ್ಯೂನ್'ಗಳೆಂದು ಕರೆಯುತ್ತವೆ. ಪೋರ್ತುಗೀಸ್ ಮೂಲದ ಈ ಪದದ ಅರ್ಥ ಕಾಲಾಳು ಎಂದೇ. ನವಲಗುಂದ ಸೀಮೆಯನ್ನು ಕಂಪನಿಗೆ ಗೆದ್ದುಕೊಟ್ಟದ್ದರಲ್ಲಿ ಪ್ಯೂನ್‌ಗಳ ಪಾಲು ದೊಡ್ಡದೆಂದರೆ ಇಂದು ಕೇಳುವವರಿಗೆ ನಗು ಬಂದೀತು. ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವವನಿಗೆ ಕನ್ನಡ ನಾಡಿನಲ್ಲಿ ಬಳಕೆಯಾಗುವ ಹೆಸರುಗಳನ್ನೆಲ್ಲ ಒಟ್ಟಿಗೆ ನೋಡಬೇಕು. ಪ್ಯೂನ್ ಎಂದರೆ ಕಾಲಾಳು. ಸಿಪಾಯಿ ಎಂದರೆ ಸೈನಿಕ. ಜಮಾದಾರ ಸೈನ್ಯದ ಅಧಿಕಾರಿ, ದಫೇದಾರ ಅಶ್ವದಳದ ಹವಾಲ್ದಾರ. ಕರ್ನಾಟಕ ಸರಕಾರದ ನೌಕರ ಪಟ್ಟಿಯಲ್ಲಿರುವ 'ದಲಾಯತ್' ಮೂಲದಲ್ಲಿ ಢಾಲಾಯತ, ಅಂದರೆ ಢಾಲು ಹಿಡಿದವನು. ಗುರಾಣಿ ಹಿಡಿದ ಕೈಗೆ ಫೈಲು ಬಂತು. ಯುದ್ಧಗಳು ಮುಗಿದು ಕಂಪನಿಯ ಶಾಂತಿ ನೆಲೆಸಿದಾಗ ಸ್ಥಳೀಯ ಆಯುಧಪಾಣಿಗಳಿಗೆ ಉಳಿದ ಕೆಲಸ ಕಚೇರಿಯ ಕಾವಲು, ಖಜಾನೆಯ ಪಹರೆ, ಟಪಾಲು ಒಯ್ಯುವುದು ಇಷ್ಟೇ. ಒಂದು ವರ್ಗದ ಜನರ ನಿರುದ್ಯೋಗದ ಚರಿತ್ರೆ ಈ ಪದಗಳಲ್ಲಿ ಅಡಗಿದೆ.

ಅದೇ ಚರಿತ್ರೆಯ ಉರಿಯುವ ಮುಖವನ್ನು 'ಶೇತಸನದಿ' ಎಂಬ ಪದದಲ್ಲಿ ಕಾಣಬಹುದು. 'ಶೇತ' ಹೊಲ, 'ಸನದು' ದಾನಪತ್ರ. ಹೊಲದ ಸನದು ಪಡೆದು ಅದಕ್ಕೆ ಪ್ರತಿಯಾಗಿ ಕೋಟೆ, ಊರು ಕಾಯುವವನು ಶೇತಸನದಿ. ಜೋಳವಾಳಿಯವನಿಗೆ ಧಾನ್ಯ, ಇವನಿಗೆ ಧಾನ್ಯ ಬೆಳೆಯುವ ಹೊಲ. ಕಿತ್ತೂರಿನ ಸಂಗೊಳ್ಳಿ ರಾಯಣ್ಣ ಇಂಥ ಒಬ್ಬ ಶೇತಸನದಿ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿಯ ಕಂದಾಯಾಧಿಕಾರಿಗಳು ಸೇವೆಯ ಜಮೀನುಗಳ ಮೇಲೆ ಕೈ ಇಟ್ಟರು. ಉಂಬಳಿ ಕಳೆದುಕೊಂಡವರು, ಉಳಿದ ತುಂಡಿಗೆ ಹೆಚ್ಚಿನ ಕರ ಕಟ್ಟಬೇಕಾದವರು ರಾಯಣ್ಣನ ಬೆನ್ನಿಗೆ ನಿಂತರು. 1831ರ ಜನವರಿಯಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಶೇತಸನದಿ ಎಂಬ ಪದ ಮಾತ್ರ ಆಮೇಲೂ ಬದುಕಿತು, ಗೌಡ ಕುಲಕರ್ಣಿಯರ ಕೈಕೆಳಗಿನ ಊರ ಸೇವಕನ ಹೆಸರಾಗಿ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಹಳ್ಳಿ ಹುದ್ದೆಗಳು ಮುಗಿದ ಮೇಲೆ ಆ ಆಸರೆಯೂ ಹೋಯಿತು.

ಕಂಪನಿಯ ಪಲ್ಟನ್ನುಗಳೊಂದಿಗೆ ಬಂದದ್ದು ಮೂರನೆಯ ಪದರ. ಅಲ್ಲಿ ಆಂಗ್ಲರು ಹಿಂದುಸ್ತಾನಿಯನ್ನೂ ಸಿಪಾಯಿಗಳು ಇಂಗ್ಲಿಷನ್ನೂ ಕೆಡಿಸಿದ್ದರಿಂದ ಹುಟ್ಟಿದ ಒಂದು ಬೆರಕೆ ಮಾತಿದೆ. ರಿಕ್ರೂಟ್ ರಂಗರೂಟ್ ಆಯಿತು, ಆರ್ಡರ್ಲಿ ಅರ್ದಲಿಯಾಯಿತು. ರಾತ್ರಿ ಪಹರೆಯವನು ಕತ್ತಲಲ್ಲಿ ಬಂದವನನ್ನು 'ಹೂ ಕಮ್ಸ್ ದೇರ್' ಎಂದು ತಡೆಯಬೇಕಿತ್ತು. ಸಿಪಾಯಿಯ ಕಿವಿಗೆ ಅದು 'ಹುಕುಂದಾರ್' ಎಂದು ಬಿತ್ತು. ಅರ್ಥವಿಲ್ಲದ ಧ್ವನಿಗೆ ಹುಕುಮು ಎಂಬ ತನ್ನ ಪರಿಚಿತ ಪದವನ್ನು ಅವನು ಜೋಡಿಸಿಕೊಂಡ. 'ಪಲ್ಟನ್' ಎಂಬುದನ್ನು ಬಟಾಲಿಯನ್ನಿನ ಅಪಭ್ರಂಶವೆನ್ನುವವರೂ ಪ್ಲಟೂನಿನದೆನ್ನುವವರೂ ಇದ್ದಾರೆ. 'ಕವಾಯತು' ಅರಬ್ಬಿಯಲ್ಲಿ 'ನಿಯಮಗಳು' ಎಂಬ ಅರ್ಥದ ಪದ. ಸೈನ್ಯದಲ್ಲಿ ನಿಯಮವೆಂದರೆ ಕಾಲು ಕೂಡಿಸಿ ನಡೆಯುವುದೇ ಆದ್ದರಿಂದ ಕವಾಯತು ಡ್ರಿಲ್ ಆಯಿತು, ಅಲ್ಲಿಂದ ಕನ್ನಡ ಶಾಲೆಯ ಬಯಲಿಗೆ ಇಳಿಯಿತು. ಧಾರವಾಡ ಸೀಮೆಯಲ್ಲಿಯೂ ಇದ್ದು ಕೆಲಸ ಮಾಡಿದ ಫರ್ಡಿನಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಹಿಂದುಸ್ತಾನಿಯಿಂದ, ಮರಾಠಿಯಿಂದ ಬಂದ ಪದಗಳನ್ನು ಸಂಕೇತಗಳಿಂದ ಗುರುತಿಸಿದ. ಆ ಸಂಕೇತಗಳನ್ನು ಹಿಂಬಾಲಿಸುತ್ತ ಹೋದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ದಂಡಿನ ಮಾತು ಮನೆಮಾತಿನಲ್ಲಿ ಎಷ್ಟು ಬೆರೆತಿತ್ತೆಂಬುದು ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಯುವಕರಿಗೆ ಹತ್ತಿರದ ಸೈನಿಕ ನೆಲೆ ಬೆಳಗಾವಿ. 1922ರ ಪುನರ್‌ರಚನೆಯಲ್ಲಿ ಹಲವು ಮರಾಠಾ ಪಲ್ಟನ್ನುಗಳು ಒಂದುಗೂಡಿ 5ನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯಾದವು. ಅದರ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಸಿತು. ಪಲ್ಟನ್ನಿನ ಆಡುಮಾತು ಸರಕಾರದ ಕಾಗದಕ್ಕಿಂತ ಎಷ್ಟು ಗಟ್ಟಿಯೆಂಬುದಕ್ಕೆ ಇಲ್ಲಿ ಒಳ್ಳೆಯ ನಿದರ್ಶನವಿದೆ. ಮುಂಬಯಿ ಸೈನ್ಯದ 5ನೆಯ ಪಲ್ಟನ್ 1903ರಲ್ಲಿ 105ನೆಯದಾಯಿತು, 1922ರಲ್ಲಿ ಹೊಸ ರೆಜಿಮೆಂಟಿನ 2ನೆಯ ಬಟಾಲಿಯನ್ ಆಯಿತು. ಸಿಪಾಯಿಗಳು ಮಾತ್ರ ಅದನ್ನು 'ಕಾಲೀ ಪಾಂಚವೀಂ' ಎಂದೇ ಕರೆಯುತ್ತ ಬಂದರು. ಸಂಖ್ಯೆ ಎರಡು ಸಲ ಬದಲಾದರೂ ಹೆಸರಿನ ಐದು ಐದಾಗಿಯೇ ಉಳಿಯಿತು. ಮೊದಲನೆಯ ಬಟಾಲಿಯನ್ 'ಜಂಗೀ ಪಲ್ಟನ್' ಎನಿಸಿಕೊಂಡಿತು. ರೆಜಿಮೆಂಟಿನ ಶಿವಾಜಿ ಮಹಾರಾಜರ ಜಯಘೋಷ ಹುಟ್ಟಿದ್ದು ಮಹಾರಾಷ್ಟ್ರದಲ್ಲಲ್ಲ, 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳ ಕದನದ ಸಮಯದಲ್ಲಿ.

ಈ ರೆಜಿಮೆಂಟಿಗೆ ಸೇರಿದ ಕನ್ನಡಿಗನ ಭಾಷಾಸ್ಥಿತಿ ವಿಚಿತ್ರವಾದುದು. ಮನೆಯಲ್ಲಿ ಕನ್ನಡ, ಬ್ಯಾರಕ್ಕಿನಲ್ಲಿ ಮರಾಠಿ, ಪರೇಡಿನಲ್ಲಿ ಹಿಂದುಸ್ತಾನಿ. ಆ ಹಿಂದುಸ್ತಾನಿಯನ್ನೂ ಅವನು ಕಲಿತದ್ದು ರೋಮನ್ ಲಿಪಿಯಲ್ಲಿ. ಸ್ವಾತಂತ್ರ್ಯಾನಂತರ ರೋಮನ್ ಲಿಪಿ ಹಿಂದೆ ಸರಿದು ದೇವನಾಗರಿಯ ಹಿಂದಿ ಮುಂದೆ ಬಂತು. 1909ರಲ್ಲಿ ಆರಂಭವಾದ 'ಫೌಜಿ ಅಖ್ಬಾರ್' 1954ರಲ್ಲಿ 'ಸೈನಿಕ್ ಸಮಾಚಾರ್' ಎಂದು ಹೆಸರು ಬದಲಿಸಿಕೊಂಡಿತು. ಮುಂದೆ ಅದು ಕನ್ನಡದಲ್ಲಿಯೂ ಹೊರಬರತೊಡಗಿತು. ಅರಬ್ಬಿ ಮೂಲದ ಎರಡೂ ಪದಗಳ ಜಾಗದಲ್ಲಿ ಸಂಸ್ಕೃತದ ಎರಡು ಪದಗಳು ಬಂದುದನ್ನು ಇಲ್ಲಿ ಕಾಣಬಹುದು. 1965ರಲ್ಲಿ ಜಮಾದಾರ ಎಂಬ ದರ್ಜೆ ನಾಯಬ್ ಸುಬೇದಾರ್ ಆಯಿತು. ಹೊರಗಿನ ಲೋಕದಲ್ಲಿ ಕಸಗುಡಿಸುವವರ ಮೇಸ್ತ್ರಿಗೂ ಕಚೇರಿಯ ಆಳಿಗೂ ಜಮಾದಾರನೆಂಬ ಹೆಸರು ಹಬ್ಬಿದ್ದಾಗ ಸೈನ್ಯದ ಅಧಿಕಾರಿಗೆ ಆ ಹೆಸರು ಉಳಿಯುವುದು ಕಷ್ಟವೇ ಆಗಿತ್ತು.

ಬ್ಯಾರಕ್ಕಿನ ಮಾತಿನಲ್ಲಿ ಉತ್ತರ ಕರ್ನಾಟಕದವನಿಗೆ ಎದುರಾಗುವ ಅರ್ಧಪರಿಚಿತ ಪದಗಳು ಸ್ವಾರಸ್ಯವಾಗಿವೆ. 'ರಗಡ' ಎಂದರೆ ಅವನ ಊರಲ್ಲಿ ಬೇಕಾದಷ್ಟು, ಯಥೇಚ್ಛ. ಪಲ್ಟನ್ನಿನಲ್ಲಿ 'ರಗಡಾ' ಎಂದರೆ ಮೈ ಮುರಿಯುವ ಶಿಕ್ಷೆಯ ಕಸರತ್ತು. ತರಬೇತಿ ಕೊಡುವವನು ಅಲ್ಲಿ 'ಉಸ್ತಾದ್'. ಅವನ ಊರಿನ ಗರಡಿಮನೆಯ 'ವಸ್ತಾದ' ಅದೇ ಪದದ ಕನ್ನಡ ರೂಪ. ಸೈನ್ಯದ ಅಡಿಗೆಮನೆ 'ಲಂಗರ್' ದರ್ಗಾ, ಗುರುದ್ವಾರಗಳ ದಾಸೋಹದ ಪದ. ಯಮನೂರಿನಂಥ ಊರಿನಿಂದ ಹೋದವನಿಗೆ ಇವು ಪೂರ್ತಿ ಹೊಸವಲ್ಲ, ಪೂರ್ತಿ ತನ್ನವೂ ಅಲ್ಲ.

ಎಲ್ಲಕ್ಕಿಂತ ತೊಡಕಿನ ಪದ 'ಜವಾನ'. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೊಟ್ಟ 'ಜೈ ಜವಾನ್ ಜೈ ಕಿಸಾನ್' ಘೋಷಣೆ ಹಳ್ಳಿಹಳ್ಳಿಗೂ ತಲುಪಿತು. ಆದರೆ ಕನ್ನಡದಲ್ಲಿ ಜವಾನನೆಂದರೆ ಕಚೇರಿಯ ಆಳೇ. ಗಡಿಯಲ್ಲಿ ನಿಂತವನಿಗೂ ಗಂಟೆ ಬಾರಿಸುವವನಿಗೂ ಒಂದೇ ಪದ ಬಳಸುವುದು ಪತ್ರಿಕೆಗಳಿಗೆ ಮುಜುಗರವಾಗಿರಬೇಕು. 1999ರ ಕಾರ್ಗಿಲ್ ಯುದ್ಧದ ನಂತರದ ವರ್ಷಗಳಲ್ಲಿ ಕಾವ್ಯದ 'ಯೋಧ' ಸುದ್ದಿಯ ಶೀರ್ಷಿಕೆಗಳನ್ನು ತುಂಬಿಕೊಂಡ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಡಿ ಆರು ದಿನ ಸಿಲುಕಿ ಜೀವಂತವಾಗಿ ಹೊರಬಂದು, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ವಿಷಯದಲ್ಲಿ ಎರಡು ಪದರಗಳು ಒಟ್ಟಿಗೆ ಬಂದವು. ದರ್ಜೆ ಲ್ಯಾನ್ಸ್ ನಾಯಕ್, ಕನ್ನಡದ ಸಂಬೋಧನೆ ವೀರಯೋಧ. ನಾಯಕನ ಇಳಿತವನ್ನು ಶತಮಾನಗಳಿಂದ ಕಂಡ ಭಾಷೆ, ಅವರ ಸಾವಿನ ಮುಂದೆ, ಶಾಸನಕಾಲದ ಎತ್ತರದ ಪದವನ್ನೇ ಹುಡುಕಿ ತಂದಿತು.

ಸೈನ್ಯದಿಂದ ಹೊರಬಿದ್ದು ಮೇಲೇರಿದ ಪದವೂ ಒಂದಿದೆ. 'ಬಂಡು' ಎಂದರೆ ದಂಡಿನೊಳಗಿನ ದಂಗೆ, ಆಳುವವರ ದೃಷ್ಟಿಯಲ್ಲಿ ದ್ರೋಹ. ನವಲಗುಂದದ ನೆರೆಯ ನರಗುಂದದಲ್ಲಿ 1858ರಲ್ಲಿ ಬಾಬಾಸಾಹೇಬ ಭಾವೆ ಎದ್ದುನಿಂತದ್ದು ಬಂಡಾಯವೆನಿಸಿತು. 1980ರ ಜುಲೈಯಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ಕರದ ವಿರುದ್ಧ ಎದ್ದು, ನರಗುಂದ ನವಲಗುಂದಗಳಲ್ಲಿ ಗುಂಡು ಹಾರಿದಾಗ ಅದಕ್ಕೂ ಅದೇ ಹೆಸರು ಬಂತು. ಅದೇ ಹೊತ್ತಿಗೆ ಬಂಡಾಯ ಸಾಹಿತ್ಯ ಸಂಘಟನೆಯೂ ರೂಪುಗೊಂಡು ಆ ಪದಕ್ಕೆ ಹೆಮ್ಮೆಯ ಅರ್ಥ ಕೂಡಿತು. 2016ರ ಜುಲೈಯಲ್ಲಿ ಮಹದಾಯಿ ನೀರಿಗಾಗಿ ನಡೆದ ಹೋರಾಟದ ಸಮಯದಲ್ಲಿ ಯಮನೂರಿನಲ್ಲಿ ನಡೆದ ಪೊಲೀಸ್ ಕಾರ್ಯಾಚರಣೆ ನಾಡಿನ ಗಮನ ಸೆಳೆದಾಗ ಊರವರ ಮುಂದೆ ನಿಂತಿದ್ದವರು ಫೌಜದಾರರು, ಹವಾಲ್ದಾರರೇ. ಹೆಸರುಗಳು ಸೈನ್ಯದವು, ಸಮವಸ್ತ್ರ ಪೊಲೀಸರದು, ಎದುರಿಗಿದ್ದವರು ಶಾಸ್ತ್ರಿಯವರ ಘೋಷಣೆಯ ಎರಡನೆಯ ಅರ್ಧದವರು.

ಈ ಪದಕೋಶದ ತೀರ ಹೊಸ ಸೇರ್ಪಡೆ 'ಅಗ್ನಿವೀರ'. 2022ರ ಜೂನಿನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷದ ಸೇವೆಗೆ ಸೇರುವವನ ಹೆಸರು ಅದು. ಅವಧಿ ಮುಗಿದ ಮೇಲೆ ಶೇಕಡ 25ರವರೆಗೆ ಮಾತ್ರ ಮುಂದುವರಿಯಲು ಅವಕಾಶ. ರಂಗರೂಟ್, ಹುಕುಂದಾರ್ ಮುಂತಾದವು ಸಿಪಾಯಿಗಳ ನಾಲಿಗೆಯ ಮೇಲೆ ತಾವಾಗಿ ರೂಪುಗೊಂಡವು. ಅಗ್ನಿವೀರ ಆದೇಶದಿಂದ ಬಂದ ಪದ. ಹಳೆಯ ಪದಗಳ ಹಿಂದೆ ಹೊಲವೋ ಪಿಂಚಣಿಯೋ ಇರುತ್ತಿತ್ತು, ಆದ್ದರಿಂದ ಅವು ಮನೆತನಕ್ಕೆ ಅಂಟಿಕೊಂಡವು. ಹದಿನೈದು ವರ್ಷ ದುಡಿದು ಪಿಂಚಣಿ ಹಿಡಿದು ಬಂದವನ ಮನೆಯನ್ನು ಊರವರು ಇಂದಿಗೂ 'ಮಿಲ್ಟ್ರಿಯವರ ಮನಿ' ಎನ್ನುತ್ತಾರೆ. ನಾಲ್ಕು ವರ್ಷಕ್ಕೆ ಮರಳುವ ಹ‌ುಡುಗನಿಗೆ ಊರು ಯಾವ ಹೆಸರಿಡುತ್ತದೆಂಬುದು ಅವನು ಸೈನ್ಯದಿಂದ ತಂದ ಮಾತಿಗಿಂತ, ಬಂದ ಮೇಲೆ ಅವನಿಗೆ ಸಿಗುವ ಕೆಲಸವನ್ನೇ ಅವಲಂಬಿಸಿದೆ.